ನೂರ ಅರವತ್ತಮೂರು ಸಾಕ್ಷಿಗಳು

“ಅರಿಸೆ ತಗೊಳ್ಳಿ ಡಾಕ್ಟರೇ. ವಿಷ ಹಾಕಿಲ್ಲ,” ಎಂದರು ಭ್ರಮರಾಂಬ.

ಎದುರು ಸೀಟಿನಲ್ಲಿದ್ದ ಡಾಕ್ಟರ್ ಸತ್ಯಮೂರ್ತಿ ಚಾಚಿದ ಕೈಯನ್ನು ಅಲ್ಲೇ ತಡೆದರು. ವಿಶಾಖಪಟ್ಟಣದಿಂದ ಹೊರಟ ರೈಲು ತುನಿ ದಾಟಿ ವಿಜಯವಾಡದ ಕಡೆಗೆ ಓಡುತ್ತಿತ್ತು. ಅಂದು ಮುಕ್ಕನುಮ, ಸಂಕ್ರಾಂತಿಯ ಸಡಗರದ ಕೊನೆಯ ದಿನ. ಬೋಗಿಯ ತುಂಬ ಹೊಸ ಬಟ್ಟೆ, ಕಬ್ಬಿನ ಸಿಪ್ಪೆ, ಮಾವನ ಮನೆಯಿಂದ ವಾಪಸಾಗುತ್ತಿದ್ದ ಅಳಿಯಂದಿರು.

ಭ್ರಮರಾಂಬನವರ ಯಜಮಾನರು ಕಾಮೇಶ್ವರ ರಾಯರಿಗೆ ವಿಷದ ಭಯವೇನೂ ಇರಲಿಲ್ಲ. ಅವರು ಮೂರನೆಯ ಅರಿಸೆಗೆ ಕೈ ಹಾಕಿದರು. ನಮ್ಮ ಕಜ್ಜಾಯವನ್ನೇ ಆಂಧ್ರದವರು ಅರಿಸೆ ಎನ್ನುತ್ತಾರೆ. ರಾಯರು ಅದನ್ನು ಮದ್ದು ಎನ್ನುತ್ತಾರೆ, ಹೊತ್ತಿಗೆ ಎರಡರಂತೆ.

“ನನಗ್ಯಾಕೆ ವಿಷ ಹಾಕ್ತೀರಿ ಮೇಡಂ?” ಎಂದರು ಸತ್ಯಮೂರ್ತಿ. ಬಳ್ಳಾರಿಯಲ್ಲಿ ವೈದ್ಯಕೀಯ ಓದಿದವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

“ನೀವು ನಮ್ಮ ವಾಸಂತಿಗೆ ಹಾಕಿದ್ದೀರಲ್ಲ, ಅದಕ್ಕೆ.”

ರಾಯರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಹೆಂಡತಿ ಇಷ್ಟು ನೇರವಾಗಿ ಹಾರುತ್ತಾಳೆಂದು ಅವರೂ ಎಣಿಸಿರಲಿಲ್ಲ. ರಾಜಮಂಡ್ರಿ ಬರುವವರೆಗೆ ಹವಾಮಾನದ ಬಗ್ಗೆ ಮಾತಾಡುವುದೆಂದು ಇಬ್ಬರೂ ವಿಶಾಖಪಟ್ಟಣದ ದ್ವಾರಕಾ ನಗರದ ತಮ್ಮ ಮನೆಯಲ್ಲೇ ಒಪ್ಪಂದ ಮಾಡಿಕೊಂಡು ಹೊರಟಿದ್ದರು.

ತುಮಕೂರಿನ ಕಡೆಯ ಭ್ರಮರಾಂಬ ಮೂವತ್ತು ವರ್ಷ ವಿಶಾಖಪಟ್ಟಣದ ಒಂದು ವೈದ್ಯಕೀಯ ಸಂಶೋಧನಾಲಯದ ಗ್ರಂಥಾಲಯ ನೋಡಿಕೊಂಡು ನಿವೃತ್ತರಾದವರು. ಕಳೆದುಹೋದ ಪುಸ್ತಕ ಹುಡುಕಿ ಹುಡುಕಿ, ಪುಸ್ತಕಕ್ಕಿಂತ ಕಳ್ಳರನ್ನು ಹುಡುಕುವುದರಲ್ಲೇ ಅವರಿಗೆ ರುಚಿ ಹತ್ತಿತ್ತು. ಈಗ ಅವರು ಬೆನ್ನು ಹತ್ತಿದ್ದು ಒಂದು ಹಾಳೆ. ಒಂದೇ ಒಂದು ಹಾಳೆ.

ಅದು ಉಲ್ಲೇಖ ಸೂಚಿಯ ಹಾಳೆ. ಯಾರು ಬರೆದ ಲೇಖನವನ್ನು ಜಗತ್ತಿನಲ್ಲಿ ಯಾರು ಯಾರು ತಮ್ಮ ಲೇಖನಗಳಲ್ಲಿ ಹೆಸರಿಸಿದ್ದಾರೆ ಎಂದು ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಪಟ್ಟಿ ಮಾಡುವ ಭಾರೀ ಸಂಪುಟಗಳು ಅವು. ಎತ್ತಲು ಎರಡು ಕೈ ಬೇಕು, ಓದಲು ಭೂತಗನ್ನಡಿ ಬೇಕು.

ಅದೇ ಸಂಶೋಧನಾಲಯದ ಡಾಕ್ಟರ್ ವಾಸಂತಿ, ಭ್ರಮರಾಂಬನವರನ್ನು ಚಿಕ್ಕಮ್ಮ ಎಂದೇ ಕರೆಯುವವಳು, ಆನೆಕಾಲು ರೋಗದ ಮೇಲೆ ಮೂವತ್ತೆಂಟು ಲೇಖನ ಬರೆದವಳು. ರಾತ್ರಿ ಮಾತ್ರ ರಕ್ತದಲ್ಲಿ ಕಾಣಿಸಿಕೊಳ್ಳುವ ಹುಳುವನ್ನು ಹಗಲಲ್ಲೇ ಪತ್ತೆಹಚ್ಚುವ ಉಪಾಯವನ್ನು ೧೯೮೧ರಲ್ಲೇ ಬರೆದಿದ್ದಳು. ಆ ಒಂದು ಲೇಖನವನ್ನೇ ನೂರ ಅರವತ್ತಮೂರು ಮಂದಿ ಉಲ್ಲೇಖಿಸಿದ್ದಾರೆ ಎಂದು, ವಿಜಯವಾಡದ ಹೊಸ ಆನೆಕಾಲು ಸಂಶೋಧನಾ ಕೇಂದ್ರದ ಮುಖ್ಯಸ್ಥರ ಹುದ್ದೆಗೆ ಹಾಕಿದ ಅರ್ಜಿಯಲ್ಲಿ ಕಾಣಿಸಿದ್ದಳು. ಅದು ಸುಳ್ಳು, ಇರುವುದು ಹನ್ನೊಂದೇ ಎಂದು ಆಯ್ಕೆ ಸಮಿತಿಗೆ ಒಂದು ಮೂಗರ್ಜಿ ಹೋಯಿತು. ಮಂಗಳವಾರ ಹತ್ತು ಗಂಟೆಗೆ ಪುರಾವೆ ತನ್ನಿ ಎಂದು ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ವಾಸಂತಿಗೆ ತಂತಿ ಬಂತು. ಅವಳು ಗ್ರಂಥಾಲಯಕ್ಕೆ ಓಡಿ ಸಂಪುಟ ಬಿಚ್ಚಿದರೆ, ಸರಿಯಾಗಿ ಅವಳ ಹಾಳೆಯೇ ಇಲ್ಲ. ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಯಾರೋ ಒಯ್ದಿದ್ದರು. ಹೈದರಾಬಾದು, ಮದರಾಸಿನ ಗ್ರಂಥಾಲಯಗಳಿಗೆಲ್ಲ ಹಬ್ಬದ ರಜೆ.

ಮಂಗಳವಾರವೆಂದರೆ ನಾಳೆ. ಹಾಳೆ ಸಿಗದಿದ್ದರೆ ಹೋಗುವುದು ಬರೀ ಹುದ್ದೆಯಲ್ಲ. ಸುಳ್ಳು ಹೇಳಿದವಳು ಎಂಬ ಮಾತು ಮೂವತ್ತೆಂಟು ಲೇಖನಗಳಿಗೂ ಅಂಟಿಕೊಳ್ಳುತ್ತದೆ.

ಆ ಹುದ್ದೆಗೆ ಅರ್ಜಿ ಹಾಕಿ ಅದೇ ಸಮಿತಿಯ ಎದುರಿಗೆ ಹೊರಟಿದ್ದ ಇನ್ನೊಬ್ಬರು, ಇಗೋ, ಅರಿಸೆಯ ಮುಂದೆ ಕೈ ತಡೆದು ಕೂತಿದ್ದರು.

“ಮೂಗರ್ಜಿ ಬರೆದೋರು ನೀವೇ,” ಎಂದರು ಭ್ರಮರಾಂಬ. “ಡಿಸೆಂಬರ್‌ನಿಂದೀಚೆಗೆ ಉಲ್ಲೇಖ ಸೂಚಿ ತೆಗೆಸಿಕೊಂಡು ರಿಜಿಸ್ಟರಲ್ಲಿ ಸಹಿ ಮಾಡಿರೋರು ಇಬ್ಬರೇ. ಮೊದಲು ವಾಸಂತಿ. ಆಮೇಲೆ ನೀವು. ನಾನು ರಿಟೈರಾಗಿದ್ದೀನಿ ಡಾಕ್ಟರೇ, ನನ್ನ ರಿಜಿಸ್ಟರ್ ಆಗಿಲ್ಲ.”

ಸತ್ಯಮೂರ್ತಿಯವರ ಕಿವಿ ಕೆಂಪಾಯಿತು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಹೌದು. ಬರೆದೆ,” ಎಂದರು ಕೊನೆಗೆ. “ಹೆಸರು ಹಾಕದೆ ಬರೆದದ್ದು ನನ್ನ ಹೇಡಿತನ, ಒಪ್ಪಿಕೊಳ್ತೀನಿ. ಆದ್ರೆ ಬರೆದದ್ದು ಸುಳ್ಳಲ್ಲ. ಮೂರು ಸಲ ಎಣಿಸಿದ್ದೀನಿ.”

ಅವರು ಜೇಬಿನಿಂದ ಚಿಕ್ಕ ನೋಟ್‌ಬುಕ್ ತೆಗೆದು ಮುಂದೆ ಹಿಡಿದರು. ಭ್ರಮರಾಂಬ ಬಗ್ಗಿ ಓದಿದರು. ‘ಕೊಂಡೂರಿ ವಿ. — ಹನ್ನೊಂದು.’

ಭ್ರಮರಾಂಬನವರಿಗೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಳ್ಳುವ ನಗು. ಮೇಲಿನ ಬರ್ತಿನಲ್ಲಿ ಮಲಗಿದ್ದ ಅಳಿಯನೊಬ್ಬ ಎದ್ದು ಕೂತ.

“ಏಮಾಯಿತೇ ಇವಳೇ?” ಎಂದರು ರಾಯರು ಗಾಬರಿಯಿಂದ. ನಲವತ್ತು ವರ್ಷ ಕನ್ನಡತಿಯ ಜೊತೆ ಸಂಸಾರ ಮಾಡಿದರೂ ಗಾಬರಿಯಾದಾಗ ಅವರ ಬಾಯಲ್ಲಿ ತೆಲುಗು ನುಗ್ಗುತ್ತಿತ್ತು.

“ಡಾಕ್ಟರೇ, ನಿಮ್ಮ ಮನೆಯವರ ಹೆಸರೇನು?”

“ಗಂಗಾಭವಾನಿ. ಯಾಕೆ?”

“ಅವರ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಲ್ಲಿ ಹೆಸರಿನ ಮುಂದೆ ಇರೋದು ನಿಮ್ಮ ಮನೆತನದ ಇಂಟಿ ಪೇರಾ, ಅವರ ತಂದೆಯದಾ?”

“ತಂದೆಯದೇ. ಮದುವೆಗೆ ಮುಂಚೆ ಅವರ ಇಂಟಿ ಪೇರೇ ತಾನೇ...” ಎನ್ನುತ್ತ ಸತ್ಯಮೂರ್ತಿ ತಡೆದರು. ಅವರ ಕಣ್ಣು ನೋಟ್‌ಬುಕ್ಕಿನ ಮೇಲೆ ಬಿತ್ತು.

“ಅಷ್ಟೇ ಕಣ್ರೀ ಕಥೆ! ನಿಮ್ಮಲ್ಲಿ ಮನೆತನದ ಹೆಸರು ಮುಂದೆ, ಹುಡುಗಿ ಮನೆ ಬದಲಾಯಿಸಿದ ದಿನ ಅದೂ ಬದಲಾಯ್ತು. ವಾಸಂತಿ ಕೊಂಡೂರಿಯವರ ಮನೆ ಸೊಸೆಯಾದದ್ದು ಎಂಬತ್ತಮೂರರಲ್ಲಿ. ಲೇಖನ ಬಂದದ್ದು ಎಂಬತ್ತೊಂದರಲ್ಲಿ. ಆಗ ಅವಳು ನಮ್ಮ ಕಡೆ ಪದ್ಧತಿಯ ಹಾಗೆ ಅಪ್ಪ ಚಂದ್ರಹಾಸರ ಹೆಸರು ಮುಂದಿಟ್ಟುಕೊಂಡು ಸಿ. ವಾಸಂತಿ. ಪುಸ್ತಕದಲ್ಲಿ ಅವಳು ಕೂತಿರೋದು ವಾಸಂತಿ ಅನ್ನೋ ಹೆಸರಿನ ಕೆಳಗೆ. ಲೋಕಕ್ಕೆ ಅವಳ ಮದುವೆಯಾದದ್ದು ಹೇಗೆ ಗೊತ್ತಾಗಬೇಕು? ನೀವು ಗಂಡನ ಮನೇಲಿ ಹುಡುಕಿದ್ರಿ, ಅವಳ ಆಸ್ತಿಯೆಲ್ಲ ತವರಲ್ಲಿದೆ!”

“ಅರ್ಜಿಯಲ್ಲಿ ಮೂವತ್ತೆಂಟಕ್ಕೂ ಕೆ. ವಾಸಂತಿ ಅಂತಲೇ ಇತ್ತಲ್ಲ ಮೇಡಂ!”

“ಟೈಪ್ ಮಾಡಿದೋಳು ತೆಲುಗು ಹುಡುಗಿ. ಸೊಸೆಗೆ ಹಳೇ ಹೆಸರು ಬರೆದ್ರೆ ಅಪಶಕುನ ಅಂತ ಎಲ್ಲ ತಿದ್ದಿಬಿಟ್ಟಿದ್ದಾಳೆ.”

ಸತ್ಯಮೂರ್ತಿ ತಲೆಯ ಮೇಲೆ ಕೈ ಹೊತ್ತು ಕೂತರು. “ಅಯ್ಯೋ ರಾಮ! ಸ್ವಂತ ಹೆಂಡತಿ ಹೆಸರು ಬದಲಾದದ್ದು ಕಂಡೂ ನನಗೆ ಹೊಳೀಲಿಲ್ಲವಲ್ಲ. ಎಂಥಾ ಪಾಪ ಮಾಡಿದೆ!”

ಭ್ರಮರಾಂಬನವರಿಗೆ ಈಗ ನಗುವಿನ ಜೊತೆ ಸ್ವಲ್ಪ ನಿರಾಶೆಯೂ ಆಯಿತು. ಮೂರು ದಿನದಿಂದ ಕಷ್ಟಪಟ್ಟು ಬೆಳೆಸಿದ ಅಪರಾಧಿ ಕಣ್ಣೆದುರೇ ಕರಗಿಹೋಗುತ್ತಿದ್ದ.

“ಹಾಗಾದ್ರೆ ಹಾಳೆ ಕತ್ತರಿಸಿದೋರು ನೀವಲ್ಲ.”

“ಹಾಳೆಯಾ? ಯಾವ ಹಾಳೆ?”

ಅವರ ಮುಖದಲ್ಲಿ ನಾಟಕವಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಕತ್ತರಿಸುವವರಾಗಿದ್ದರೆ ಇವರು ಕೊಂಡೂರಿಯ ಹಾಳೆ ಕತ್ತರಿಸಬೇಕಿತ್ತು. ಅದು ಪುಸ್ತಕದಲ್ಲಿ ಭದ್ರವಾಗಿತ್ತು. ಹೋಗಿದ್ದು ವಾಸಂತಿಯ ಹಳೆಯ ಹೆಸರಿನದು. ಬ್ಲೇಡು ಹಿಡಿದ ಕೈಗೆ ಅವಳ ತವರಿನ ಹೆಸರು ಗೊತ್ತಿತ್ತು. ಹಾಗಾದರೆ ಅದು ಅವಳಿಗೆ ಹತ್ತಿರದ ಕೈ.

ಈ ಯೋಚನೆ ಭ್ರಮರಾಂಬನವರಿಗೆ ಸ್ವಲ್ಪವೂ ಹಿಡಿಸಲಿಲ್ಲ.

ರೈಲು ಗೋದಾವರಿಯ ಸೇತುವೆ ಹತ್ತಿತು. ಬೋಗಿಯವರೆಲ್ಲ ಎದ್ದು ನದಿಗೆ ಕೈ ಮುಗಿದರು. ಸತ್ಯಮೂರ್ತಿಯೂ ಮುಗಿದರು, ಉಳಿದವರಿಗಿಂತ ಹೆಚ್ಚು ಹೊತ್ತು.

“ನಾಳೆ ಸಮಿತಿಗೆ ನಿಜ ಹೇಳ್ತೀರಾ?” ಎಂದು ಭ್ರಮರಾಂಬ ಕೇಳಿದರು.

“ತಪ್ಪು ಹೆಸರಲ್ಲಿ ಹುಡುಕಿದೆ ಅಂತ ಹೇಳಬಲ್ಲೆ. ಆದ್ರೆ ನೂರ ಅರವತ್ತಮೂರು ಇದೆ ಅಂತ ಹೇಗೆ ಹೇಳಲಿ? ನಾನು ನೋಡಿಲ್ಲವಲ್ಲ.” ಅವರು ದನಿ ತಗ್ಗಿಸಿದರು. “ಬಚ್ಚಿಟ್ಟು ಏನು ಪ್ರಯೋಜನ, ಮುಂದಿನ ವರ್ಷ ನನಗೆ ನಿವೃತ್ತಿ. ಇದೊಂದು ಕುರ್ಚಿಗೆ ಇಪ್ಪತ್ತು ವರ್ಷ ಕಾದಿದ್ದೀನಿ ಮೇಡಂ. ಅವಳಿಗೆ ಸಿಗಲಿ ಅಂತ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.”

ಇಷ್ಟು ಪ್ರಾಮಾಣಿಕವಾಗಿ ಸಣ್ಣತನ ಒಪ್ಪಿಕೊಂಡವರನ್ನು ಭ್ರಮರಾಂಬ ನೋಡಿಯೇ ಇರಲಿಲ್ಲ. ಅವರಿಗೆ ಈ ಮನುಷ್ಯನ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

“ಹಾಗಾದ್ರೆ ನಮ್ಮ ಜೊತೆ ವಿಜಯವಾಡದ ಪಟಮಟಕ್ಕೆ ಬನ್ನಿ. ವಾಸಂತಿಯ ಅತ್ತೆ ಮನೇಲಿ ಬೊಮ್ಮಲ ಕೊಲುವು ಇದೆ. ಹಾಳೆ ಇಲ್ಲದಿದ್ರೂ ಹೊರದೇಶದ ಡಾಕ್ಟರುಗಳು ಅವಳಿಗೆ ಬರೆದ ಕಾರ್ಡುಗಳಿವೆ. ಒಂದ್ಸಲ ನೋಡಿ.”

“ಬನ್ನಿ ಬನ್ನಿ,” ಎಂದರು ರಾಯರು. “ಅಲ್ಲಿ ಬೊಬ್ಬಟ್ಟೂ ಇರ್ತದೆ.”

ಸತ್ಯಮೂರ್ತಿ ಈಗ ಅರಿಸೆಗೆ ಕೈ ಚಾಚಿದರು. ಡಬ್ಬಿ ಖಾಲಿಯಾಗಿತ್ತು. ರಾಯರು ಕಿಟಕಿಯ ಕಡೆ ಮುಖ ತಿರುಗಿಸಿದರು.

*

ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುವ ಹಾಗೆ ಆ ಮನೆಯಲ್ಲಿ ಸಂಕ್ರಾಂತಿಗೆ ಕೊಲುವು. ಭೋಗಿಯ ದಿನ ಕೂರಿಸಿದರೆ ಮುಕ್ಕನುಮದ ಸಂಜೆ ಆರತಿ ಎತ್ತಿ ಒಂದು ಗೊಂಬೆಯನ್ನು ಮಲಗಿಸುವ ತನಕ ಕಡ್ಡಿಯನ್ನೂ ಕದಲಿಸುವಂತಿಲ್ಲ. ಪಟಮಟದ ಆ ಮನೆಯ ಯಜಮಾನಿ ಸೂರ್ಯಕಾಂತಮ್ಮನವರ ಕೊಲುವಿಗೆ ಒಂಬತ್ತು ಮೆಟ್ಟಿಲು. ಕೊಂಡಪಲ್ಲಿಯ ಆನೆ ಅಂಬಾರಿ, ಭತ್ತ ಕುಟ್ಟುವ ಹೆಂಗಸರು, ತಾಳೆಮರ ಹತ್ತುವವನು, ಎಲ್ಲ ಸಾಲಾಗಿ ನಿಂತಿದ್ದವು.

ಆದರೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ನೋಡುತ್ತಿದ್ದದ್ದು ಗೊಂಬೆಗಳನ್ನಲ್ಲ, ಗೋಡೆಯನ್ನು.

ಗೋಡೆಯ ತುಂಬ ಪೋಸ್ಟ್ ಕಾರ್ಡು! ಬ್ರೆಜಿಲ್, ಜಪಾನ್, ಈಜಿಪ್ಟ್, ನೈಜೀರಿಯಾ. ಪತ್ರಿಕೆ ಕೈಗೆ ಸಿಗದ ಊರುಗಳ ವೈದ್ಯರು, ನಿಮ್ಮ ಲೇಖನದ ಒಂದು ಪ್ರತಿ ದಯವಿಟ್ಟು ಕಳಿಸಿ ಎಂದು ವಾಸಂತಿಗೆ ಬರೆದ ಕಾರ್ಡುಗಳು. ಸೊಸೆ ಅವನ್ನು ಚೀಲದಲ್ಲಿ ತುಂಬಿ ಅಟ್ಟಕ್ಕೆ ಹಾಕಿದ್ದಳು. ಅತ್ತೆ ಇಳಿಸಿ ಗೋಡೆಗೆ ಹಚ್ಚಿದ್ದರು.

“ನೋಡಿ ನೋಡಿ, ಇದು ಜಪಾನು,” ಎಂದು ಸೂರ್ಯಕಾಂತಮ್ಮ ಸೊಸೆಯಿಂದ ಕಲಿತ ಕನ್ನಡದಲ್ಲಿ ಭ್ರಮರಾಂಬನವರ ಕೈ ಹಿಡಿದೆಳೆದರು. “ಜಪಾನಿನೋರು ನಮ್ಮ ಕೋಡಲನ್ನ, ನಮ್ಮ ಸೊಸೇನ, ಬೇಡ್ಕೊಳ್ತಾರಂಡಿ! ಪಕ್ಕದ ಮನೆ ಸೊಸೆಗೆ ಇಲ್ಲೇ ಇರೋ ಗುಡಿವಾಡದಿಂದ ಕೂಡ ಕಾಗದ ಬರೋದಿಲ್ಲ.”

ಪಕ್ಕದ ಮನೆಯವರು ಅಲ್ಲೇ ಇದ್ದರು. ಸೂರ್ಯಕಾಂತಮ್ಮನವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸತ್ಯಮೂರ್ತಿ ಕನ್ನಡಕ ಸರಿಪಡಿಸಿಕೊಂಡು ಒಂದೊಂದೇ ಕಾರ್ಡು ಓದತೊಡಗಿದರು. ಎಲ್ಲದರ ಮೇಲೂ ‘ಡಾಕ್ಟರ್ ಸಿ. ವಾಸಂತಿ’. ಹೋದ ವರ್ಷ ಬಂದದ್ದರ ಮೇಲೂ ಅದೇ.

“ಕೈರೋದವರು!” ಎಂದು ಅವರು ಕೂಗಿದರು. “ಇವರಿಗೆ ನಾನು ಎರಡು ಸಲ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಅವರು ಇವಳಿಗೆ ತಾವಾಗಿ ಬರೀತಾರೆ!” ದನಿಯಲ್ಲಿ ಹೊಟ್ಟೆಕಿಚ್ಚಿತ್ತು, ಸಂತೋಷವೂ ಇತ್ತು. ಯಾವುದು ಹೆಚ್ಚೆಂದು ಅವರಿಗೇ ತಿಳಿದಂತಿರಲಿಲ್ಲ.

ಭ್ರಮರಾಂಬನವರ ಕಣ್ಣು ಮೇಲೇರಿತು. ಒಂಬತ್ತನೇ ಮೆಟ್ಟಿಲಲ್ಲಿ ಮರದ ಗಂಡು ಹೆಣ್ಣು ಗೊಂಬೆಗಳು. ಅವುಗಳ ಹಿಂದೆ, ನಟ್ಟನಡುವೆ, ಚೆಂಡುಹೂವಿನ ಹಾರ ಹಾಕಿಸಿಕೊಂಡು ಒಂದು ದೊಡ್ಡ ಹಾಳೆ. ಸಾಸಿವೆಯಂಥ ಅಕ್ಷರ. ಒಂದು ಅಂಚು ಬ್ಲೇಡು ಎಳೆದಷ್ಟು ನೇರ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇದಕ್ಕೇ ಇರಬೇಕು.

“ಸೂರ್ಯಕಾಂತಮ್ಮನವರೇ, ಅದೇನು ಮೇಲಿರೋದು?”

“ಅದಾ!” ಆಕೆಯ ಮುಖ ಅರಳಿತು. “ಅದು ನಮ್ಮ ರಮಾಕಾಂತ ಹೋದ ತಿಂಗಳು ತಂದಿಟ್ಟದ್ದು. ಅಮ್ಮಾ, ನಿನ್ನ ಸೊಸೆ ಹೆಸರಿನ ಕೆಳಗೆ ಪ್ರಪಂಚದ ಡಾಕ್ಟರುಗಳೆಲ್ಲ ಕ್ಯೂ ನಿಂತಿದ್ದಾರೆ ನೋಡು ಅಂದ. ಅದಕ್ಕೆ ದೇವರ ಮೆಟ್ಟಿಲಿಗಿಂತ ಮೇಲೆ ಇಟ್ಟೆ.”

ಅಷ್ಟರಲ್ಲಿ ಬೊಬ್ಬಟ್ಟಿನ ತಟ್ಟೆ ಹಿಡಿದು ರಮಾಕಾಂತ ಒಳಗಿನಿಂದ ಬಂದ. ಮೂವತ್ತೊಂಬತ್ತರ ದಢೂತಿ ಮನುಷ್ಯ, ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯಲ್ಲಿ ಇಂಜಿನಿಯರು, ವಾಸಂತಿಯ ಗಂಡ. ಭ್ರಮರಾಂಬ ನೋಡುತ್ತಿದ್ದ ಕಡೆ ಅವನೂ ನೋಡಿದ. ತಟ್ಟೆ ಕೈ ಜಾರಿತು. ರಾಯರು ಮುಂದೆ ಹಾರಿ ಹಿಡಿದುಕೊಂಡರು. ಆ ವಯಸ್ಸಿಗೆ ಅದು ದೊಡ್ಡ ಸಾಧನೆ.

“ನೀನೇನಪ್ಪ ಕತ್ತರಿಸಿದ್ದು?” ಭ್ರಮರಾಂಬ ಮೆಲ್ಲಗೆ ಕೇಳಿದರು.

“ಜೆರಾಕ್ಸ್ ಮೆಷಿನ್ ಕೆಟ್ಟಿತ್ತು ಆಂಟಿ,” ಎಂದ ರಮಾಕಾಂತ. “ಅವಳನ್ನ ಕರ್ಕೊಂಡು ಬರೋಕೆ ಲೈಬ್ರರಿಗೆ ಹೋಗಿದ್ದೆ. ಪುಸ್ತಕ ತೆರೆದಿತ್ತು. ಅವಳು ಎಣಿಸಿ ಮುಗಿಸಿ ಕೈ ತೊಳೆಯೋಕೆ ಹೋಗಿದ್ಲು. ಅಷ್ಟು ಹೆಸರು, ಎಲ್ಲ ಅವಳ ಕೆಳಗೆ... ನನಗೆ ಅಳು ಬಂತು ಆಂಟಿ. ಅಮ್ಮನಿಗೆ ತೋರಿಸಬೇಕು ಅನ್ನಿಸ್ತು. ಜೇಬಲ್ಲಿ ಆಗತಾನೇ ಕೊಂಡ ಶೇವಿಂಗ್ ಬ್ಲೇಡ್ ಇತ್ತು.”

“ತಂತಿ ಬಂದ ಮೇಲೂ ಬಾಯಿ ಬಿಡಲಿಲ್ಲವಲ್ಲೋ!”

“ಅಷ್ಟು ಹೊತ್ತಿಗೆ ಅಮ್ಮ ಕೊಲುವು ಕೂರಿಸಿಬಿಟ್ಟಿದ್ರು, ಕದಲಿಸೋ ಹಾಗಿಲ್ಲ. ಇವತ್ತು ಸಂಜೆ ಗೊಂಬೆ ಮಲಗಿಸಿದ ಮೇಲೆ ತೆಗೆದು, ಹೇಗಾದ್ರೂ ಮಾಡಿ...” ಮುಂದೇನು ಮಾಡುವುದೆಂದು ಅವನಿಗೂ ಗೊತ್ತಿರಲಿಲ್ಲ.

ಭ್ರಮರಾಂಬನವರಿಗೆ ಇವನ ಕಪಾಳಕ್ಕೆ ಎರಡು ಬಿಡಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಹೆಂಡತಿಯ ಲೇಖನಕ್ಕೆ ಸಿಕ್ಕ ಉಲ್ಲೇಖ ನೋಡಿ ಅಳುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

ಗದ್ದಲ ಕೇಳಿ ವಾಸಂತಿ ಮಹಡಿಯಿಂದ ಇಳಿದು ಬಂದಳು. ಬೆಳಗಿನ ಬಸ್ಸಿನಲ್ಲಿ ಬಂದವಳು ಕೊಲುವಿನ ಕಡೆ ತಿರುಗಿಯೂ ನೋಡದೆ ಕಾಗದಗಳ ನಡುವೆ ಕೂತಿದ್ದಳು. ಈಗ ನೋಡಿದಳು.

ಅ‌ಷ್ಟರಲ್ಲಿ ಸತ್ಯಮೂರ್ತಿ ಸ್ಟೂಲು ಎಳೆದುಕೊಂಡು ಹತ್ತಿ ನಿಂತಿದ್ದರು. ಕಿರುಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ತುಟಿಯಲ್ಲೇ ಎಣಿಸುತ್ತಿದ್ದರು. ಅರಿಶಿನ ಕುಂಕುಮದ ಹೆಂಗಸರೆಲ್ಲ ಉಸಿರು ಬಿಗಿಹಿಡಿದರು. ನಲವತ್ತು. ಎಂಬತ್ತು. ನೂರ ಇಪ್ಪತ್ತು.

“ನೂರ ಅರವತ್ತಮೂರು,” ಎಂದರು ಸತ್ಯಮೂರ್ತಿ. ಆಮೇಲೆ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ, “ನೂರ ಅರವತ್ತಮೂರು! ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.”

ರಾಯರು ಚಪ್ಪಾಳೆ ತಟ್ಟಿದರು. ಹೆಂಗಸರೂ ತಟ್ಟಿದರು. ಸೂರ್ಯಕಾಂತಮ್ಮ ಸೊಸೆಯ ದೃಷ್ಟಿ ತೆಗೆದು ಲಟಿಕೆ ಮುರಿದರು. ವಾಸಂತಿಯ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಮೂರು ದಿನದ ಮೇಲೆ ಆ ಮುಖದಲ್ಲಿ ನಗು ಕಂಡು ಭ್ರಮರಾಂಬನವರಿಗೆ ಹಬ್ಬ ಈಗ ಬಂತು ಅನ್ನಿಸಿತು.

ವಾಸಂತಿ ಗಂಡನ ಕಡೆ ತಿರುಗಿದಳು. ನಗು ಅರ್ಧಕ್ಕೇ ನಿಂತಿತು.

“ಚಿಕ್ಕಮ್ಮ,” ಎಂದಳು ಭ್ರಮರಾಂಬನವರಿಗೆ, ಬಲು ಮೆಲ್ಲಗೆ. “ಈ ಹಾಳೆ ತೋರಿಸಿದ್ರೆ ಎಲ್ಲಿ ಸಿಕ್ತು ಅಂತ ಕೇಳ್ತಾರೆ. ಹೇಳಿದ್ರೆ ಇವರು ಕಳ್ಳ. ಸರ್ಕಾರಿ ನೌಕರಿ. ತೋರಿಸದಿದ್ರೆ ನಾನು ಸುಳ್ಳುಗಾರ್ತಿ.”

ಅಷ್ಟರಲ್ಲಿ ಮೇಲಿನಿಂದ ಪರ್ರನೆ ಸದ್ದಾಯಿತು.

ಸತ್ಯಮೂರ್ತಿ ಗೋಡೆಗೆ ಅಂಟಿಸಿದ್ದ ಹಾಳೆಯ ನಾಲ್ಕು ಮೂಲೆ ಬಿಡಿಸಿಕೊಂಡಿದ್ದರು. ಹಾರ ಕೆಳಗೆ ಬಿತ್ತು.

“ಅಯ್ಯೋ, ಗೊಂಬೆ ಮಲಗಿಸೋ ಮುಂಚೆ ಕೊಲುವು ಕದಲಿಸಬಾರದಂಡಿ!” ಸೂರ್ಯಕಾಂತಮ್ಮ ಕಿರುಚಿದರು.

“ಕ್ಷಮಿಸಿ ತಾಯಿ.” ಅವರು ಹಾಳೆ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು ಸ್ಟೂಲಿನಿಂದ ಇಳಿದರು. ವಾಸಂತಿಯ ಮುಖ ನೋಡಲಿಲ್ಲ. ಯಾರಾದರೂ ಅಡ್ಡ ಬರುವ ಮೊದಲೇ ಚಪ್ಪಲಿ ಮೆಟ್ಟಿ ಗೇಟು ದಾಟಿದರು. ಹೊರಗೆ ಆಟೋ ಸದ್ದು ಕೇಳಿಸಿತು.

ರಾಯರು ಹಿಂದೆಯೇ ಓಡಿಹೋಗಿ ಏದುಸಿರು ಬಿಡುತ್ತ ಮರಳಿದರು. “ಲಾಡ್ಜಿಗೆ ಹೋಗಲಿಲ್ಲ ಕಣೇ. ಆಯ್ಕೆ ಸಮಿತಿ ಅಧ್ಯಕ್ಷರ ಬಂಗಲೆಗೆ ಬಿಡು ಅಂದ್ರು ಆಟೋದೋನಿಗೆ. ಈಗಲೇ!”

“ನಮ್ಮನ್ನ ಉಳಿಸೋಕೆ ಹೋದ್ರಾ, ಮುಳುಗಿಸೋಕೆ ಹೋದ್ರಾ?” ರಮಾಕಾಂತನ ಮುಖ ಬಿಳಿಚಿಕೊಂಡಿತ್ತು.

ಎಲ್ಲರೂ ಭ್ರಮರಾಂಬನವರನ್ನು ನೋಡಿದರು. ಅವರು ವಾಸಂತಿಯನ್ನು ನೋಡಿದರು. ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು.

“ಎಲ್ಲಿಗಮ್ಮಾ?”

“ಅಲ್ಲಿಗೇ ಚಿಕ್ಕಮ್ಮ. ನನ್ನ ಗಂಡ ಕಳ್ಳ ಅನ್ನೋ ಮಾತು ಇನ್ನೊಬ್ಬರ ಬಾಯಿಂದ ಬರೋದು ಬೇಡ. ನಾನೇ ಹೇಳ್ತೀನಿ,” ಎಂದಳು ವಾಸಂತಿ, “ಯಾಕೆ ಕದ್ದ ಅನ್ನೋದೂ ನನಗೆ ಮಾತ್ರ ಹೇಳೋಕೆ ಬರೋದು.”